ಓದುಗರ ಪ್ರಶ್ನೆ: ಈ ಕಿರುಚಿತ್ರವನ್ನು ಮಕ್ಕಳಿಗೆ ತೋರಿಸಬಹುದೇ?

ಮಕ್ಕಳ ದಿನಾಚರಣೆ ಹತ್ತಿರವಾಗುತ್ತಿದ್ದಂತೆ ಕಿರುಚಿತ್ರಗಳ ಆಯ್ಕೆಯನ್ನು ಕುರಿತು ಈ ಸಲ ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಐದನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಮೊದಲನೆಯ ಪತ್ರದಲ್ಲಿರುವ ವಿಷಯವೇ ಉಳಿದವುಗಳಿಗೂ ಬುಡವಾಗಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮದು ಒಂದರಿಂದ ಎಂಟನೆಯ ತರಗತಿಯವರೆಗಿನ ಸರ್ಕಾರಿ ಶಾಲೆ. ನವೆಂಬರ್ 14ರಂದು ಸ್ಮಾರ್ಟ್ ಕ್ಲಾಸ್ ಕೋಣೆಯಲ್ಲಿ ನಾಲ್ಕೈದು ಕಿರುಚಿತ್ರಗಳನ್ನು ತೋರಿಸಬೇಕೆಂದಿದ್ದೇವೆ. ಸಹೋದ್ಯೋಗಿಯೊಬ್ಬರು ಯೂಟ್ಯೂಬಿನಲ್ಲಿ ಹುಡುಕಿ ಆರಿಸಿರುವ ಚಿತ್ರಗಳಲ್ಲಿ ಒಂದು, ಸಾಲ ತೀರಿಸಲಾಗದ ರೈತನ ಮನೆಯ ಕಥೆ. ಅದಕ್ಕೆ ಪ್ರಶಸ್ತಿಯೂ ಬಂದಿದೆಯಂತೆ. ಸಾವನ್ನು ತೋರಿಸಿಲ್ಲ, ಸೂಚಿಸಿದ್ದಾರೆ ಅಷ್ಟೆ. ಇಂಥ ಚಿತ್ರಗಳಿಗೆ ಸೆನ್ಸಾರ್ ಪ್ರಮಾಣಪತ್ರ ಇರುತ್ತದೆಯೇ? ಇಲ್ಲದಿದ್ದರೆ ನಾವು ಯಾವ ಆಧಾರದ ಮೇಲೆ ತೀರ್ಮಾನಿಸಬೇಕು?
– ಶಿಕ್ಷಕಿಯೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ಪ್ರಮಾಣಪತ್ರದ ವಿಷಯವನ್ನು ಮೊದಲು ಮುಗಿಸೋಣ. ಚಿತ್ರಮಂದಿರಕ್ಕೆ ಬರುವ ಚಿತ್ರಗಳಿಗೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಪ್ರಮಾಣಪತ್ರ ಬೇಕು. ಬಹಳ ಕಾಲ ಅದರಲ್ಲಿ ಯು, ಯು/ಎ, ಎ ಎಂಬ ವಿಂಗಡಣೆಯೇ ಸಾಮಾನ್ಯ ಪ್ರೇಕ್ಷಕರಿಗೆ ಗೊತ್ತಿದ್ದದ್ದು. 2023ರ ತಿದ್ದುಪಡಿಯಲ್ಲಿ ಯು/ಎ ಎಂಬುದನ್ನು 7, 13 ಮತ್ತು 16 ವರ್ಷಗಳ ಗುರುತಿನೊಡನೆ ಮೂರಾಗಿ ಒಡೆದರು. ಓಟಿಟಿ ವೇದಿಕೆಗಳು ಇದೇ ಬಗೆಯ ವಯಸ್ಸಿನ ಗುರುತನ್ನು ತಾವೇ ಹಾಕಬೇಕೆಂದು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಹೇಳುತ್ತವೆ. ಆದರೆ ಯಾರೋ ತಮ್ಮ ಚಾನೆಲ್ಲಿಗೆ ಏರಿಸಿದ ಹನ್ನೆರಡು ನಿಮಿಷದ ಚಿತ್ರ ಈ ಯಾವ ಜರಡಿಯಲ್ಲೂ ಹಾದು ಬಂದಿರುವುದಿಲ್ಲ. ಯೂಟ್ಯೂಬಿನಲ್ಲಿ ಇರುವ ವಯಸ್ಸಿನ ನಿರ್ಬಂಧ ಹದಿನೆಂಟರದ್ದು ಮಾತ್ರ. ‘ಮಕ್ಕಳಿಗಾಗಿ ಮಾಡಿದ್ದು’ ಎಂಬ ಗುರುತನ್ನು ನೋಡಿ ನೆಮ್ಮದಿಯಾಗುವವರು ಬಹಳ ಮಂದಿ. ಅಮೆರಿಕದಲ್ಲಿ ಮಕ್ಕಳ ಮಾಹಿತಿ ಸಂಗ್ರಹವನ್ನು ಕುರಿತ ಕಾನೂನಿನ ಒತ್ತಡದಿಂದ 2020ರ ಆರಂಭದಲ್ಲಿ ಜಾರಿಗೆ ಬಂದ ಆ ಗುರುತನ್ನು ಚಿತ್ರ ಏರಿಸಿದವರೇ ಹಾಕುತ್ತಾರೆ. ಚಿತ್ರವನ್ನು ಒಬ್ಬರು ಕೂತು ನೋಡಿ ಮಕ್ಕಳಿಗೆ ಒಪ್ಪುತ್ತದೆ ಎಂದು ಹೇಳಿದ್ದಾರೆ ಎಂಬ ಅರ್ಥ ಅದಕ್ಕಿಲ್ಲ. ಪ್ರಶಸ್ತಿಯೂ ಹಾಗೆಯೇ. ಚಿತ್ರೋತ್ಸವಗಳಲ್ಲಿ ಪ್ರಮಾಣಪತ್ರವಿಲ್ಲದ ಚಿತ್ರಗಳನ್ನು ವಿಶೇಷ ವಿನಾಯಿತಿ ಪಡೆದು ತೋರಿಸುವ ಪದ್ಧತಿಯಿದೆ, ಮತ್ತು ಎಷ್ಟೋ ಉತ್ಸವಗಳು ಇದೇ ಕಾರಣಕ್ಕೆ 18 ವರ್ಷ ತುಂಬಿದವರಿಗೆ ಮಾತ್ರ ಪಾಸು ಕೊಡುತ್ತವೆ. ಆದುದರಿಂದ ತೀರ್ಮಾನದ ಹೊಣೆ ನಿಮ್ಮ ಮೇಲೆಯೇ ಇದೆ. ಅದನ್ನು ಭಾರವೆಂದುಕೊಳ್ಳಬೇಡಿ, ನಿಮ್ಮ ಶಾಲೆಯ ಮಕ್ಕಳನ್ನು ನಿಮ್ಮಷ್ಟು ಬಲ್ಲವರು ಯಾವ ಮಂಡಳಿಯಲ್ಲೂ ಇಲ್ಲ.

ಈಗ ಆಧಾರದ ಮಾತು. ಸಾಮಾನ್ಯವಾಗಿ ನಾವು ಚಿತ್ರದಲ್ಲಿ ಏನೇನು ಇದೆ ಎಂದು ಎಣಿಸುತ್ತೇವೆ: ರಕ್ತ ಇದೆಯೇ, ಬೈಗುಳ ಇದೆಯೇ, ಕುಡಿತ ಇದೆಯೇ. ಇವುಗಳನ್ನು ನೋಡಲೇಬೇಕು. ಆದರೆ ಕಿರುಚಿತ್ರದ ಮಟ್ಟಿಗೆ ಇಷ್ಟು ಸಾಲದು ಎಂಬುದನ್ನು ನಾನು ಒಂದು ತಪ್ಪಿನಿಂದ ಕಲಿತೆ. ಕೆಲವು ವರ್ಷಗಳ ಹಿಂದೆ ಹಳ್ಳಿಯೊಂದರ ಶಾಲೆಯಲ್ಲಿ ಮಕ್ಕಳಿಗೆ ಚಿತ್ರಗಳನ್ನು ತೋರಿಸಲು ಹೋಗಿದ್ದೆ. ಅವುಗಳಲ್ಲಿ ಒಂದು, ಏಳು ನಿಮಿಷದ್ದು. ಹುಡುಗನೊಬ್ಬ ಸಂಜೆಯ ಬಸ್ಸಿಗಾಗಿ ಕಾಯುತ್ತಾನೆ, ಬಸ್ಸು ಬರುತ್ತದೆ, ಇಳಿಯಬೇಕಾದ ಅಪ್ಪ ಇಳಿಯುವುದಿಲ್ಲ, ಕೊನೆಯ ದೃಶ್ಯದಲ್ಲಿ ಹೊಸ್ತಿಲ ಬಳಿ ಒಂದು ಜೊತೆ ಚಪ್ಪಲಿ ಮಾತ್ರ ಇರುತ್ತದೆ. ಒಂದು ಹನಿ ರಕ್ತವಿಲ್ಲ, ಒಂದು ಕೆಟ್ಟ ಮಾತಿಲ್ಲ. ನಾನು ಎರಡು ಸಲ ನೋಡಿ ಆರಿಸಿದ್ದ ಚಿತ್ರ. ಮುಂದಿನ ಸಾಲಿನಲ್ಲಿ ಜಮಖಾನದ ಅಂಚನ್ನು ಕಾಲ್ಬೆರಳುಗಳಿಂದ ಬಿಗಿಯಾಗಿ ಹಿಡಿದು ಕೂತಿದ್ದ ನಾಲ್ಕನೆಯ ತರಗತಿಯ ಹುಡುಗನೊಬ್ಬ, ದೀಪ ಹಾಕಿ ಬಿಸಿಯೂಟದ ಗಂಟೆ ಹೊಡೆದು ಎಲ್ಲರೂ ತಟ್ಟೆ ಹಿಡಿದು ಓಡಿದ ಮೇಲೂ ಹಾಗೆಯೇ ಕೂತಿದ್ದ. ಅವನ ತಂದೆ ಅದೇ ವರ್ಷ ತೀರಿಕೊಂಡಿದ್ದರೆಂದು ನನಗೆ ಆಮೇಲೆ ತಿಳಿಯಿತು. ಶಾಲೆಯವರಿಗೆ ಅದು ಗೊತ್ತಿತ್ತು, ನಾನು ಕೇಳಿರಲಿಲ್ಲ.

ಅಂದಿನಿಂದ ನಾನು ಚಿತ್ರದಲ್ಲಿ ಏನಿದೆ ಎಂಬುದರ ಜೊತೆಗೆ ಚಿತ್ರ ಮಗುವನ್ನು ಎಲ್ಲಿ ಬಿಟ್ಟುಹೋಗುತ್ತದೆ ಎಂದು ನೋಡುತ್ತೇನೆ. ಎರಡೂವರೆ ಗಂಟೆಯ ಸಿನಿಮಾದಲ್ಲಿ ಮಧ್ಯಂತರಕ್ಕೆ ಮುಂಚೆ ತಾಯಿ ಸತ್ತರೆ, ಅಳುವುದಕ್ಕೂ ಸಮಾಧಾನವಾಗುವುದಕ್ಕೂ ಮತ್ತೆ ನಗುವುದಕ್ಕೂ ಸಮಯ ಉಳಿದಿರುತ್ತದೆ. ಕಿರುಚಿತ್ರಕ್ಕೆ ಆ ಅನುಕೂಲವಿಲ್ಲ. ಪೆಟ್ಟನ್ನು ಕೊನೆಯ ಅರ್ಧ ನಿಮಿಷಕ್ಕೆ ಕಾದಿಟ್ಟು, ಅದು ಬಿದ್ದ ಕೂಡಲೇ ಹೆಸರುಗಳನ್ನು ಏರಿಸಿ ಮುಗಿಸುವುದೇ ಈಚಿನ ಬಹುತೇಕ ಕಿರುಚಿತ್ರಗಳ ಕಟ್ಟೋಣ. ದೊಡ್ಡವರು ಆ ಮೌನವನ್ನು ಮೆಚ್ಚಿ ಚಪ್ಪಾಳೆ ತಟ್ಟುತ್ತಾರೆ. ಎಂಟು ವರ್ಷದ ಮಗುವಿಗೆ ಆ ಮೌನವನ್ನು ತುಂಬಿಕೊಳ್ಳಲು ತನ್ನ ಭಯವನ್ನು ಬಿಟ್ಟರೆ ಬೇರೆ ಸಾಮಗ್ರಿ ಇರುವುದಿಲ್ಲ. ಚಿತ್ರ ಸುಖಾಂತವಾಗಿಯೇ ಇರಬೇಕೆಂದು ನನ್ನ ವಾದವಲ್ಲ. ದುಃಖದ ಕೊನೆಯಲ್ಲಿಯೂ ಒಂದು ಕೈ, ಒಂದು ಮುಖ, ಜೊತೆಗೆ ಕೂತ ಒಬ್ಬ ಮನುಷ್ಯ ಇದ್ದರೆ ಮಗು ಅದನ್ನು ಹಿಡಿದುಕೊಂಡು ಈಚೆ ಬರುತ್ತದೆ.

ಆದ್ದರಿಂದ ನೀವು ಆರಿಸಿದ ಪ್ರತಿ ಚಿತ್ರವನ್ನೂ ಮೊದಲಿನಿಂದ ಕೊನೆಯವರೆಗೆ, ಓಡಿಸದೆ, ಅದೇ ಕೋಣೆಯಲ್ಲಿ ಅದೇ ಸ್ಪೀಕರಿನಲ್ಲಿ ನೋಡಿ. ಮೊಬೈಲಿನಲ್ಲಿ ನೋಡಿದಾಗ ಗಮನಕ್ಕೇ ಬಾರದ ಹಿನ್ನೆಲೆಯ ಗುಡುಗು ದೊಡ್ಡ ಪೆಟ್ಟಿಗೆಯಲ್ಲಿ ಒಂದನೆಯ ತರಗತಿಯ ಮಗುವನ್ನು ಬೆಚ್ಚಿಬೀಳಿಸಬಲ್ಲದು. ಒಂದರಿಂದ ಎಂಟರವರೆಗಿನ ಎಲ್ಲರನ್ನೂ ಒಟ್ಟಿಗೆ ಕೂರಿಸಬೇಡಿ. ಮೂರನೆಯ ತರಗತಿಯವರೆಗೆ ಒಂದು ಗುಂಪು, ಉಳಿದವರದ್ದು ಒಂದೆರಡು ಗುಂಪು ಮಾಡಿದರೆ ಆಯ್ಕೆ ತಾನಾಗಿಯೇ ಸುಲಭವಾಗುತ್ತದೆ. ಗಂಭೀರವಾದ ಚಿತ್ರವನ್ನು ನಡುವೆ ಇಟ್ಟು, ಅದಾದ ಮೇಲೆ ಹತ್ತು ನಿಮಿಷ ಮಾತಿಗೆ ಬಿಟ್ಟು, ಕೊನೆಗೆ ಹಗುರವಾದುದನ್ನು ತೋರಿಸಿ. ಗಂಟೆ ಹೊಡೆಯುವ ಹೊತ್ತಿಗೆ ಭಾರವಾದ ಚಿತ್ರ ಮುಗಿಯುವಂತೆ ಎಂದೂ ಇಟ್ಟುಕೊಳ್ಳಬೇಡಿ. ಎಲ್ಲಕ್ಕಿಂತ ಮುಂಚೆ ಹಾಜರಿ ಪುಸ್ತಕವನ್ನು ಮುಂದಿಟ್ಟುಕೊಂಡು ಒಂದೊಂದೇ ಹೆಸರನ್ನು ಓದಿ, ಈ ಕಥೆ ಯಾರ ಮನೆಯ ಕಥೆಯಾಗಿದೆ ಎಂದು ಯೋಚಿಸಿ. ಒಬ್ಬರದಾಗಿದ್ದರೂ ಆ ಮಗುವಿನ ಮನೆಯವರೊಡನೆ ಮಾತಾಡದೆ ಮುಂದುವರಿಯಬೇಡಿ.

ನೀವು ಹೇಳಿದ ರೈತನ ಕಥೆಯನ್ನು ಕಿರಿಯ ತರಗತಿಗಳಿಗೆ ಖಂಡಿತ ಬೇಡ ಎಂಬುದು ನನ್ನ ಅಭಿಪ್ರಾಯ. ಏಳು ಮತ್ತು ಎಂಟನೆಯ ತರಗತಿಗೆ ತೋರಿಸುವುದಾದರೆ ಒಂದು ವಿಷಯವನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿ: ಆ ಸಾವಿನಿಂದ ಮನೆಯ ಕಷ್ಟ ಕಳೆಯಿತು, ಅಥವಾ ಊರಿಗೆ ಬುದ್ಧಿ ಬಂತು, ಎಂಬಂತೆ ಚಿತ್ರ ಮುಗಿಯುತ್ತದೆಯೇ? ಹಾಗಿದ್ದರೆ ಸಾವನ್ನು ಎಷ್ಟೇ ನಯವಾಗಿ ಸೂಚಿಸಿದ್ದರೂ ಅದನ್ನು ಕೈಬಿಡಿ. ನಿಮ್ಮ ಊರಿನಲ್ಲಿಯೇ ಅಂಥ ಸಾವು ಆಗಿದ್ದರೆ ಪರೀಕ್ಷೆಯ ಅಗತ್ಯವೂ ಇಲ್ಲ, ಆ ಚಿತ್ರ ಬೇಡ.

ಪ್ರಶ್ನೆ: ನನ್ನ ಆರು ವರ್ಷದ ಮಗ ಎಂಟು ನಿಮಿಷದ ಒಂದು ಅನಿಮೇಷನ್ ಚಿತ್ರ ನೋಡಿ ರಾತ್ರಿಯೆಲ್ಲ ನನ್ನ ಸೆರಗು ಬಿಡಲಿಲ್ಲ. ಹೆಸರಾಂತ ಸಂಸ್ಥೆಯ ಚಿತ್ರ, ಆಸ್ಕರ್ ಕೂಡ ಬಂದಿದೆ. ಕಾರ್ಟೂನ್ ಎಂದರೆ ಮಕ್ಕಳದ್ದೇ ಎಂದುಕೊಂಡು ನಾನು ಅಡುಗೆಮನೆಯಲ್ಲಿದ್ದೆ. ಏನು ತಪ್ಪಾಯಿತು?
– ತಾಯಿಯೊಬ್ಬರು, ಮೈಸೂರು

ಉತ್ತರ: ನಿಮ್ಮ ಪತ್ರದಲ್ಲಿರುವ ವಿವರಗಳಿಂದ ಅದು ಪಿಕ್ಸಾರ್ ಸಂಸ್ಥೆಯ, ಡೋಮಿ ಶಿ ನಿರ್ದೇಶಿಸಿದ 2018ರ ‘ಬಾವ್’ ಎಂದು ಊಹಿಸುತ್ತೇನೆ. ಮಗ ದೂರವಾದ ತಾಯಿಯೊಬ್ಬಳು ಮಾಡಿದ, ನಮ್ಮ ಕಡುಬನ್ನು ಹೋಲುವ ಒಂದು ತಿನಿಸು ಜೀವ ತಳೆದು ಮಗನಂತೆ ಬೆಳೆಯುತ್ತದೆ; ಅದು ಮನೆ ಬಿಟ್ಟು ಹೊರಟಾಗ ಆಕೆ ತಡೆಯಲಾರದೆ ಅದನ್ನು ಬಾಯಿಗೆ ಹಾಕಿಕೊಂಡುಬಿಡುತ್ತಾಳೆ. ಮಗನನ್ನು ಬಿಟ್ಟುಕೊಡಲಾರದ ತಾಯಿಯ ಸಂಕಟಕ್ಕೆ ಇದು ರೂಪಕ ಎಂದು ನಾವು ನೀವು ಅರ್ಥ ಮಾಡಿಕೊಂಡು ಕಣ್ಣೊರೆಸಿಕೊಳ್ಳುತ್ತೇವೆ. ಆರು ವರ್ಷದವನು ಕಂಡದ್ದು ಅಮ್ಮ ಮಗುವನ್ನು ತಿಂದದ್ದನ್ನು. ಅವನ ಭಯ ನ್ಯಾಯವಾದದ್ದೇ. ಚಿತ್ರ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಬಹಳ ಒಳ್ಳೆಯ ಚಿತ್ರ, ಹನ್ನೆರಡರ ಮಗುವಿನೊಡನೆ ಕೂತು ನೋಡಬೇಕಾದದ್ದು.

ಈ ವಯಸ್ಸಿನ ಭೇದವನ್ನು ಅಮೆರಿಕದ ಸಂಶೋಧಕಿ ಜೋಆನ್ ಕ್ಯಾಂಟರ್ 1980ರ ದಶಕದಲ್ಲಿ ಸಹೋದ್ಯೋಗಿಗಳೊಡನೆ ಚೆನ್ನಾಗಿ ತೋರಿಸಿಕೊಟ್ಟರು. ಒಳ್ಳೆಯ ಮನುಷ್ಯನೊಬ್ಬ ಸಿಟ್ಟಿನಿಂದ ಹಸಿರು ದೈತ್ಯ ‘ಹಲ್ಕ್’ ಆಗಿ ಬದಲಾಗುವ ದೃಶ್ಯವನ್ನು ತೋರಿಸಿದಾಗ, ಅವನು ಕಾಪಾಡುವವನೆಂದು ಗೊತ್ತಿದ್ದ ದೊಡ್ಡ ಮಕ್ಕಳು ಅವನ ರೂಪಕ್ಕೆ ಅಷ್ಟಾಗಿ ಹೆದರಲಿಲ್ಲ, ಶಾಲೆಗೆ ಹೋಗುವ ಮುಂಚಿನ ವಯಸ್ಸಿನವರು ಆ ರೂಪಕ್ಕೇ ಹೆದರಿದರು. ಎಳೆಯರು ಕಣ್ಣಿಗೆ ಕಂಡದ್ದಕ್ಕೆ ಅಂಜುತ್ತಾರೆ. ಎಂಟು ಒಂಬತ್ತು ದಾಟಿದವರು ನಿಜವಾಗಿ ನಡೆಯಬಹುದಾದದ್ದಕ್ಕೆ, ಅಂದರೆ ಕಳ್ಳ, ಅಪಘಾತ, ಯುದ್ಧ, ಅಪ್ಪ ಅಮ್ಮನ ಜಗಳ ಇಂಥವಕ್ಕೆ ಅಂಜುತ್ತಾರೆ. ಸಮಾಧಾನ ಮಾಡುವ ರೀತಿಯೂ ಅದರಂತೆಯೇ ಬೇರೆ. ‘ಅದೆಲ್ಲ ಸುಳ್ಳು ಕಣೋ’ ಎಂಬ ವಿವರಣೆ ದೊಡ್ಡವನಿಗೆ ಒಗ್ಗುತ್ತದೆ. ಚಿಕ್ಕವನಿಗೆ ನಿಮ್ಮ ಮಡಿಲು, ಹೊತ್ತಿಸಿದ ದೀಪ, ಒಂದು ಲೋಟ ಬಿಸಿ ಹಾಲು ಹೆಚ್ಚು ಕೆಲಸ ಮಾಡುತ್ತವೆ. ಅವನು ಸೆರಗು ಹಿಡಿದದ್ದು ಸರಿಯಾದ ಔಷಧವನ್ನೇ. ಆಮೇಲೆ ಹಗಲಿನಲ್ಲಿ, ಅವನೇ ಕೇಳಿದರೆ, ಇಬ್ಬರೂ ಹಿಟ್ಟು ಕಲಸಿ ಕಡುಬು ಮಾಡುತ್ತ ಆ ಕಥೆಯನ್ನು ಮಾತಾಡಿ.

ಅನಿಮೇಷನ್ ಎಂದ ಕೂಡಲೇ ಇನ್ನೊಂದು ಎಚ್ಚರಿಕೆ ಹೇಳಬೇಕು. ಜಪಾನಿನಲ್ಲಿ 1997ರ ಡಿಸೆಂಬರ್ 16ರಂದು ‘ಪೋಕೆಮಾನ್’ ಸರಣಿಯ ಒಂದು ಕಂತಿನಲ್ಲಿ ಕೆಂಪು ಮತ್ತು ನೀಲಿ ಬೆಳಕು ಕೆಲವು ಸೆಕೆಂಡು ವೇಗವಾಗಿ ಮಿಟುಕಿದ ಕಾರಣ ಆರುನೂರಕ್ಕೂ ಹೆಚ್ಚು ಮಕ್ಕಳನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿಂಚುವ ದೃಶ್ಯಗಳನ್ನು ತಪ್ಪಿಸಬೇಕೆಂಬುದು ಪ್ರಸಾರಕರು ಇಂದು ಪಾಲಿಸುವ ಸಾಮಾನ್ಯ ನಿಯಮ. ಹವ್ಯಾಸಿಗಳು ಕಂಪ್ಯೂಟರಿನಲ್ಲಿ ಮಾಡಿ ಏರಿಸುವ ಚಿತ್ರಗಳನ್ನು ಈ ದೃಷ್ಟಿಯಿಂದ ಯಾರೂ ನೋಡಿರುವುದಿಲ್ಲ. ಮನೆಯಲ್ಲಿ ಮೂರ್ಛೆರೋಗವಿರುವ ಮಗುವಿದ್ದರೆ ನೀವು ಮೊದಲು ಪೂರ್ತಿ ನೋಡದ ಅನಿಮೇಷನ್ ಚಿತ್ರವನ್ನು ಹಚ್ಚಲೇಬೇಡಿ. ಯಾರಿಗೇ ಆಗಲಿ, ದೀಪ ಆರಿಸಿ ಪರದೆಗೆ ಹತ್ತಿರ ಕೂತು ನೋಡುವುದು ಬೇಡ.

ಪ್ರಶ್ನೆ: ನಾವು ನಾಲ್ವರು ಕಾಲೇಜು ಗೆಳೆಯರು ಬಾಲ್ಯವಿವಾಹದ ಬಗ್ಗೆ ಹದಿನಾಲ್ಕು ನಿಮಿಷದ ಚಿತ್ರ ಮಾಡಿದ್ದೇವೆ. ಮದುವೆ ಬೇಡ ಎಂದ ಹುಡುಗಿಯ ಕೆನ್ನೆಗೆ ತಂದೆ ಹೊಡೆಯುವ ದೃಶ್ಯವನ್ನು ಕತ್ತರಿಸಿದರೆ ಮಾತ್ರ ಪ್ರೌಢಶಾಲೆಯಲ್ಲಿ ತೋರಿಸಲು ಬಿಡುತ್ತೇವೆ ಎಂದು ಮುಖ್ಯೋಪಾಧ್ಯಾಯರೊಬ್ಬರು ಹೇಳುತ್ತಾರೆ. ಕತ್ತರಿಸಿದರೆ ಚಿತ್ರವೇ ಸತ್ತಂತೆ. ತಾವೇನು ಹೇಳುತ್ತೀರಿ?
– ವಿದ್ಯಾರ್ಥಿಯೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಜಗಳಕ್ಕೆ ಎಪ್ಪತ್ತು ವರ್ಷ ಹಳೆಯ ಪೂರ್ವಜನೊಬ್ಬನಿದ್ದಾನೆ. ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಗಾಗಿ ನಾರ್ಮನ್ ಮೆಕ್ಲಾರೆನ್ 1952ರಲ್ಲಿ ‘ನೇಬರ್ಸ್’ ಎಂಬ ಎಂಟು ನಿಮಿಷದ ಚಿತ್ರ ಮಾಡಿದರು. ಇಬ್ಬರು ನೆರೆಯವರು ಒಂದು ಹೂವಿಗಾಗಿ ಹೊಡೆದಾಡಿ ಕೊನೆಗೆ ಇಬ್ಬರೂ ಸಾಯುತ್ತಾರೆ. ಅದಕ್ಕೆ ಆಸ್ಕರ್ ಬಂತು. ಜಗಳದ ಅಮಲಿನಲ್ಲಿ ಒಬ್ಬರು ಇನ್ನೊಬ್ಬರ ಹೆಂಡತಿ ಮಕ್ಕಳ ಮೇಲೂ ಎರಗುವ ದೃಶ್ಯ ಅಮೆರಿಕ ಮತ್ತು ಯುರೋಪಿನ ಪ್ರೇಕ್ಷಕರಿಗೆ ಒಗ್ಗುವುದಿಲ್ಲವೆಂದು ಅದನ್ನು ತೆಗೆಸಲಾಯಿತು. ವಿಯೆಟ್ನಾಂ ಯುದ್ಧದ ಕಾಲಕ್ಕೆ ಜನರ ಅಭಿಪ್ರಾಯ ತಿರುಗಿ, ಆ ದೃಶ್ಯವನ್ನು ಮರಳಿ ಸೇರಿಸಬೇಕೆಂಬ ಬೇಡಿಕೆ ಬಂತು. ಆ ಹೊತ್ತಿಗೆ ಮೂಲ ನೆಗೆಟಿವ್ ಉಳಿದಿರಲಿಲ್ಲವಾದ್ದರಿಂದ ಹಳೆಯ ಪ್ರಿಂಟಿನಿಂದ ಅದನ್ನು ಎತ್ತಿ ಜೋಡಿಸಿದರು. ದೃಶ್ಯ ಅದೇ, ಅದನ್ನು ಅಳೆಯುವ ಕಾಲ ಬೇರೆಯಾಗಿತ್ತು. ಇದರಿಂದ ನೀವು ತೆಗೆದುಕೊಳ್ಳಬಹುದಾದ ಮೊದಲ ಬುದ್ಧಿ ತೀರ ಸರಳ: ಯಾರು ಏನೇ ಕತ್ತರಿಸಲು ಹೇಳಿದರೂ ಪೂರ್ಣ ಪ್ರತಿಯನ್ನು ಒಂದೆಡೆ ಭದ್ರವಾಗಿಡಿ.

ಇನ್ನು ಆ ಹೊಡೆತ. ನೀವು ಕಳುಹಿಸಿದ ಪ್ರತಿಯನ್ನು ನಾನು ನೋಡಿದೆ. ಹುಡುಗಿ ‘ನಂಗ್ ಬ್ಯಾಡ’ ಎನ್ನುತ್ತಾಳೆ, ತಂದೆಯ ಕೈ ಏಳುತ್ತದೆ, ಸದ್ದು ಕೇಳುತ್ತದೆ, ಮರುಕ್ಷಣವೇ ಓಲಗದ ದೃಶ್ಯ. ನನಗೆ ತೊಡಕಾಗಿ ಕಂಡದ್ದು ಹೊಡೆತವಲ್ಲ, ಅದರ ನಂತರದ ಖಾಲಿ. ಹೊಡೆದ ಮೇಲೆ ಆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಅಜ್ಜಿಯಿದ್ದಾಳೆ, ತಾಯಿಯಿದ್ದಾಳೆ, ಒಂದು ಮುಖವನ್ನೂ ಕ್ಯಾಮೆರಾ ನೋಡುವುದಿಲ್ಲ. ಬೇಡ ಎಂದರೆ ಏಟು ಬೀಳುತ್ತದೆ, ಆಮೇಲೆ ಓಲಗ ಊದುತ್ತದೆ, ಎಂಬುದನ್ನು ಎದುರಿಗೆ ಕೂತ ಹದಿಮೂರರ ಹುಡುಗಿ ಪಾಠವಾಗಿ ಓದಿಕೊಳ್ಳಬಹುದು. ನಿಮ್ಮ ಉದ್ದೇಶ ಅದಕ್ಕೆ ವಿರುದ್ಧವಾದದ್ದೆಂದು ನನಗೆ ಗೊತ್ತಿದೆ. ಆದ್ದರಿಂದ ಕತ್ತರಿಸುವ ಬದಲು ಸೇರಿಸಿ. ಹೊಡೆತದ ಆಚೆಗೆ ಇಪ್ಪತ್ತು ಸೆಕೆಂಡು ಆ ಹುಡುಗಿಯೊಡನೆ ಇರಿ. ಪಕ್ಕದ ಮನೆಯಾಕೆಯೋ ಅಂಗನವಾಡಿ ಕಾರ್ಯಕರ್ತೆಯೋ ಒಬ್ಬರು ಅದನ್ನು ಕಂಡರು ಎಂಬಷ್ಟಾದರೂ ಬರಲಿ. ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆ ಕೊನೆಯ ಹೆಸರುಗಳ ಗುಂಪಿನಲ್ಲಿ ಕಳೆದುಹೋಗದೆ ಕಥೆಯೊಳಗೇ ಯಾರದೋ ಬಾಯಲ್ಲಿ ಬರಲಿ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂಬುದು ನಮ್ಮ ಹಳ್ಳಿಗಳಲ್ಲಿ ಬಹಳ ಜನರಿಗೆ ತಿಳಿಯದು. ತಾಳಿ ಬಿದ್ದ ಮೇಲೆ ಮುಗಿಯಿತು ಎಂದು ನಂಬಿದ ಹುಡುಗಿಗೆ ಅದು ದೊಡ್ಡ ಸುದ್ದಿ. ಈ ಬದಲಾವಣೆಯೊಡನೆ ಮುಖ್ಯೋಪಾಧ್ಯಾಯರನ್ನು ಮತ್ತೆ ಕಾಣಿರಿ, ಅವರ ಜೊತೆ ಕೂತು ನೋಡಿರಿ. ಅವರು ನಿಮ್ಮ ವಿರೋಧಿಯಲ್ಲ. ನಾಳೆ ಪೋಷಕರಿಗೆ ಉತ್ತರ ಹೇಳಬೇಕಾದವರು ಅವರು.

ಕೇಳದಿದ್ದರೂ ಒಂದು ಮಾತು: ಆ ದೃಶ್ಯದಲ್ಲಿ ನಟಿಸಿದ ಹುಡುಗಿಗೆ ನಿಜವಾಗಿ ಏಟು ಬಿದ್ದಿದ್ದರೆ, ದಯವಿಟ್ಟು ಹೋಗಿ ಅವಳೊಡನೆ ಮಾತಾಡಿರಿ.

ಪ್ರಶ್ನೆ: ಸುರಕ್ಷಿತ ಸ್ಪರ್ಶ, ಅಸುರಕ್ಷಿತ ಸ್ಪರ್ಶವನ್ನು ಕುರಿತ ಕಿರುಚಿತ್ರವನ್ನು ಮೂರನೆಯ ತರಗತಿಗೆ ತೋರಿಸುವುದಕ್ಕೆ ಕೆಲವು ಪೋಷಕರ ಆಕ್ಷೇಪವಿದೆ. ಇಷ್ಟು ಚಿಕ್ಕವರಿಗೆ ಬೇಕೇ ಎನ್ನುತ್ತಾರೆ.
– ಎಸ್‌ಡಿಎಂಸಿ ಸದಸ್ಯರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಬೇಕು. ಹಿಂಸೆ ವಯಸ್ಸು ನೋಡಿ ಬರುವುದಿಲ್ಲವಾದ್ದರಿಂದ ತಿಳಿವಳಿಕೆ ತಡವಾಗಬಾರದು. ಚೈಲ್ಡ್‌ಲೈನ್ ಸಂಸ್ಥೆಯವರು ಇದಕ್ಕಾಗಿಯೇ ಮಾಡಿಸಿದ ‘ಕೋಮಲ್’ ಎಂಬ ಅನಿಮೇಷನ್ ಚಿತ್ರ ದೇಶದ ಎಷ್ಟೋ ಶಾಲೆಗಳಲ್ಲಿ ಬಳಕೆಯಲ್ಲಿದೆ. ಅದರಲ್ಲಿ ಮಗುವಿಗೆ ತೊಂದರೆ ಕೊಡುವವನು ಮನೆಗೆ ಬಂದು ಹೋಗುವ ಪರಿಚಿತನೇ ಆಗಿರುವುದನ್ನು ಪೋಷಕರು ಗಮನಿಸಬೇಕು. ಆಕ್ಷೇಪಿಸಿದ ತಂದೆತಾಯಿಗಳನ್ನು ಒಂದು ಸಂಜೆ ಕರೆದು, ಮಕ್ಕಳಿಗಿಂತ ಮುಂಚೆ ಅವರಿಗೆ ಚಿತ್ರವನ್ನು ತೋರಿಸಿ. ಬಹುತೇಕರ ಹಿಂಜರಿಕೆ ಚಿತ್ರವನ್ನು ನೋಡದೆ ಊಹಿಸಿಕೊಂಡದ್ದರಿಂದ ಹುಟ್ಟಿರುತ್ತದೆ.

ಆದರೆ ನಿಮ್ಮ ಸಮಿತಿ ಇನ್ನೊಂದಕ್ಕೆ ಸಿದ್ಧವಾಗಿರಬೇಕು. ಚಿತ್ರ ಮುಗಿದ ಮೇಲೆ, ಅಂದೇ ಇಲ್ಲವೇ ವಾರದ ನಂತರ, ಒಂದು ಮಗು ಬಂದು ಶಿಕ್ಷಕಿಯ ಕಿವಿಯಲ್ಲಿ ಏನನ್ನಾದರೂ ಹೇಳಬಹುದು. ಆಗ ಊರ ಮರ್ಯಾದೆ ಎಂದು ಅದನ್ನು ಶಾಲೆಯೊಳಗೇ ಮುಚ್ಚಿಹಾಕುವ ಹಾಗಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯ 19ನೆಯ ಕಲಮಿನಂತೆ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದು 21ನೆಯ ಕಲಮಿನಂತೆ ಅಪರಾಧ. ಯಾವ ಶಿಕ್ಷಕಿಯ ಬಳಿ ಮಕ್ಕಳು ಹೋಗಬಹುದು, ಆಕೆ ಯಾರಿಗೆ ತಿಳಿಸಬೇಕು ಎಂಬುದನ್ನು ನಿರ್ಧರಿಸಿದ ಮೇಲೆಯೇ ಪ್ರೊಜೆಕ್ಟರ್ ಹಚ್ಚಿ. ಆ ಸಿದ್ಧತೆಯಿಲ್ಲದ ಶಾಲೆಯಲ್ಲಿ ಈ ಚಿತ್ರವನ್ನು ತೋರಿಸಿದರೆ, ಧೈರ್ಯ ಮಾಡಿ ಬಾಯಿ ತೆರೆದ ಮಗು ಎರಡನೆಯ ಸಲ ಒಂಟಿಯಾಗುತ್ತದೆ.

ಪ್ರಶ್ನೆ: ನೆದರ್ಲೆಂಡ್ಸ್‌ನಲ್ಲಿರುವ ನಾವು ಹತ್ತಾರು ಕನ್ನಡ ಕುಟುಂಬಗಳು ದೀಪಾವಳಿಗೆ ಸೇರಿದಾಗ ಮಕ್ಕಳಿಗೆ ಕನ್ನಡ ಕಿರುಚಿತ್ರಗಳನ್ನು ತೋರಿಸಬೇಕೆಂದಿದ್ದೇವೆ. ಕಾನ್ ಉತ್ಸವದಲ್ಲಿ ಬಹುಮಾನ ಪಡೆದ ಕನ್ನಡ ಕಿರುಚಿತ್ರವನ್ನು ಎಂಟು ವರ್ಷದವರಿಗೆ ತೋರಿಸಬಹುದೇ? ಇಲ್ಲಿನ ಗುರುತುಗಳಿಗೂ ನಮ್ಮ ದೇಶದವಕ್ಕೂ ಹೊಂದಿಕೆ ಇದೆಯೇ?
– ಓದುಗರೊಬ್ಬರು, ಐಂಧೋವನ್

ಉತ್ತರ: ನೀವಿರುವ ದೇಶದ ‘ಕೈಕ್‌ವೈಜರ್’ ಪದ್ಧತಿ ನನಗೆ ಮೆಚ್ಚುಗೆಯಾದದ್ದು. ಅದು ವಯಸ್ಸನ್ನು ಹೇಳಿ ಸುಮ್ಮನಾಗದೆ ಹಿಂಸೆ, ಭಯ, ಲೈಂಗಿಕತೆ, ಮಾದಕ ವಸ್ತು, ತಾರತಮ್ಯ, ಒರಟು ಮಾತು ಇವುಗಳಲ್ಲಿ ಯಾವುದರಿಂದ ಆ ವಯಸ್ಸು ಬಂತೆಂಬುದನ್ನು ಪುಟ್ಟ ಚಿತ್ರಗಳ ಮೂಲಕ ತೋರಿಸುತ್ತದೆ. ನಮ್ಮ 7, 13, 16ರ ಗುರುತುಗಳೊಡನೆ ಅಲ್ಲಿನ 6, 9, 12, 14, 16 ಸರಿಯಾಗಿ ಕೂಡುವುದಿಲ್ಲ. ನೀವು ಆರಿಸುವ ಕನ್ನಡ ಕಿರುಚಿತ್ರಗಳಿಗೆ ಎರಡೂ ಇಲ್ಲದಿರುವ ಸಂಭವವೇ ಹೆಚ್ಚು. ಆ ಚಿಹ್ನೆಗಳನ್ನೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಇಬ್ಬರು ಪೋಷಕರು ಬೇರೆ ಬೇರೆಯಾಗಿ ನೋಡಿ ಗುರುತು ಹಾಕಿ, ಆಮೇಲೆ ತಾಳೆ ನೋಡಿ.

ನೀವು ಕೇಳಿರುವ ಚಿತ್ರ ಚಿದಾನಂದ ಎಸ್. ನಾಯ್ಕ ಅವರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಇರಬೇಕು. 2024ರಲ್ಲಿ ಕಾನ್‌ನ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಪಡೆದ ಹದಿನಾರು ನಿಮಿಷದ ಚಿತ್ರ. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದಮೇಲೆ ಬೆಳಗೇ ಆಗದೆ ಹೋಗುವ ನಮ್ಮ ಜನಪದ ಕಥೆಯ ಎಳೆ ಅದರಲ್ಲಿದೆ. ಕಥೆ ಎಂಟು ವರ್ಷದವರಿಗೆ ಹೇಳಿ ಮಾಡಿಸಿದಂಥದ್ದು. ನಿರೂಪಣೆ ಮಾತ್ರ ದೊಡ್ಡವರದ್ದು, ರಾತ್ರಿಯ ಕತ್ತಲಲ್ಲಿ ಚಿತ್ರಿತವಾದದ್ದು. ಅಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಮನೆಮಾತಿನ ಕನ್ನಡ ಗೊತ್ತಿದ್ದರೂ ಹಳ್ಳಿಯ ಮಾತಿನ ಧಾಟಿ ಕಿವಿಗೆ ಹೊಸದು. ಅರ್ಥವಾಗದ ಮಾತು ಮತ್ತು ಕತ್ತಲು ಎರಡೂ ಸೇರಿದರೆ ಕೆಲವರಿಗೆ ಬೇಸರ, ಕೆಲವರಿಗೆ ಅಳುಕು. ನಿಮ್ಮ ಗುಂಪಿನಲ್ಲಿ ಅಜ್ಜಿಯೊಬ್ಬರು ಇದ್ದರೆ ಮೊದಲು ಅವರ ಬಾಯಿಂದ ಹುಂಜದ ಕಥೆ ಹೇಳಿಸಿ, ಮಕ್ಕಳು ಕೇಳಿ ನಕ್ಕ ಮೇಲೆ ಒಂದೆರಡು ನಿಮಿಷ ತೋರಿಸಿ ನೋಡಿ. ಅವರು ಇನ್ನೂ ಬೇಕೆಂದರೆ ದೀಪ ಪೂರ್ತಿ ಆರಿಸದೆ ಮುಂದುವರಿಸಿ. ಬೇಡವೆಂದರೆ ಹನ್ನೆರಡು ದಾಟಿದವರನ್ನು ಪಕ್ಕದ ಕೋಣೆಗೆ ಕರೆದೊಯ್ದು ಅವರಿಗೆ ತೋರಿಸಿ, ಚಿಕ್ಕವರು ಅಜ್ಜಿಯ ಬಳಿಯೇ ಇನ್ನೊಂದು ಕಥೆ ಕೇಳಲಿ.